ಇಂಧನದ ಬೆಲೆಯೂ ಶ್ರಾವಕನ ದಿಗ್ವ್ರತವೂ

ಪೆಟ್ರೋಲು, ಡೀಸೆಲುಗಳ ಬೆಲೆ ಏರಿದಾಗಲೆಲ್ಲ ಗೃಹಸ್ಥರ ಸಂಚಾರ ಸ್ವಲ್ಪಮಟ್ಟಿಗೆ ಕುಗ್ಗುವುದು ಸರ್ವರ ಅನುಭವದಲ್ಲಿರುವ ಸಂಗತಿ. ವಾರಕ್ಕೆ ಎರಡು ಸಲ ಪೇಟೆಗೆ ಹೋಗುತ್ತಿದ್ದವರು ಒಂದು ಸಲ ಹೋಗುತ್ತಾರೆ. ಕಾರನ್ನು ಮನೆಯಲ್ಲಿ ಬಿಟ್ಟು ಬಸ್ಸಿಗೆ ಕಾಯುತ್ತಾರೆ. ಕೆಲವು ಪ್ರಯಾಣಗಳನ್ನು ಪೂರ್ಣವಾಗಿ ಕೈಬಿಡುತ್ತಾರೆ. ಸಂಚಾರ ಕಡಿಮೆಯಾದಷ್ಟೂ ಆರಂಭ ಕಡಿಮೆ, ಆರಂಭ ಕಡಿಮೆಯಾದಷ್ಟೂ ಹಿಂಸೆ ಕಡಿಮೆ ಎಂಬುದು ಶ್ರಾವಕಾಚಾರದ ಸಾಮಾನ್ಯ ನಿಯಮ. ಹಾಗಾದರೆ ಬೆಲೆಯೇರಿಕೆಯಿಂದ ಉಂಟಾದ ಈ ಸಂಕೋಚವನ್ನು ಸಂಯಮವೆಂದು ಕರೆಯಬಹುದೇ? ಮನೆಯ ಖರ್ಚಿನ ಪುಸ್ತಕ ಎಳೆದ ಗೆರೆಯೂ ಗುರುಸನ್ನಿಧಿಯಲ್ಲಿ ಸ್ವೀಕರಿಸಿದ ದಿಗ್ವ್ರತದ ಗೆರೆಯೂ ಒಂದೇ ಫಲವನ್ನು ಕೊಡುತ್ತವೆಯೇ? ವ್ರತನಿಯಮಗಳಲ್ಲಿ ಶ್ರದ್ಧೆಯುಳ್ಳ ಪ್ರತಿಯೊಂದು ಕುಟುಂಬವೂ ವಿಚಾರ ಮಾಡತಕ್ಕ ಪ್ರಶ್ನೆ ಇದು.

ಈ ಪ್ರಶ್ನೆಯನ್ನು ನಗರದಲ್ಲಿ ನಿಂತು ಕೇಳುವುದಕ್ಕಿಂತ ಸಂಸೆಯಂತಹ ಊರಿನಲ್ಲಿ ನಿಂತು ಕೇಳುವುದು ಹೆಚ್ಚು ಉಚಿತ. ಚಿಕ್ಕಮಗಳೂರು ಜಿಲ್ಲೆಯ ಸಂಸೆ, ಕುದುರೆಮುಖ ಶ್ರೇಣಿಯ ಮಡಿಲಿನ ಭದ್ರಾ ಕಣಿವೆಯ ಗ್ರಾಮ. ಕಾರ್ಕಳದಲ್ಲಿ ೧೪೩೨ರಲ್ಲಿ ಬಾಹುಬಲಿಸ್ವಾಮಿಯನ್ನು ಪ್ರತಿಷ್ಠಾಪಿಸಿದ ಭೈರರಸರ ಕಳಸ-ಕಾರ್ಕಳ ರಾಜ್ಯದ ಸೀಮೆ ಇದು. ಕಾಫಿ, ಅಡಿಕೆ, ಚಹಾ ಇಲ್ಲಿಯ ಬೆಳೆಗಳು. ಮನೆಗಳು ಒಂದರ ಪಕ್ಕದಲ್ಲೊಂದು ಇಲ್ಲ. ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ಕಳಸದ ಪೇಟೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿದ್ದರೂ ಜಿಲ್ಲಾಕೇಂದ್ರ ನೂರು ಕಿಲೋಮೀಟರಿನ ಸಮೀಪದ ಘಟ್ಟದ ದಾರಿ. ರೈಲಿನ ಸೌಕರ್ಯವಿಲ್ಲ. ದೊಡ್ಡ ಆಸ್ಪತ್ರೆ, ಕಾಲೇಜು, ನ್ಯಾಯಾಲಯ ಯಾವುದು ಬೇಕಾದರೂ ದೂರ ಹೋಗಲೇಬೇಕು. ಇಂತಹ ಊರಿನಲ್ಲಿ ವಾಹನವನ್ನು ಕೇವಲ ಭೋಗವಸ್ತುವೆಂದು ಹೇಳಿ ಮುಗಿಸುವಂತಿಲ್ಲ. ಆದ್ದರಿಂದಲೇ ಇಲ್ಲಿ ನಿಲ್ಲುವ ಉತ್ತರ ಬೇರೆಡೆಯೂ ನಿಲ್ಲುತ್ತದೆ.

ಈ ಕಣಿವೆಗೂ ದೂರದೇಶದ ಎಣ್ಣೆಯ ಬೆಲೆಗೂ ಇರುವ ಸಂಬಂಧ ಹೊಸದಲ್ಲ. ೧೯೭೩ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧ ನಡೆದಾಗ ಕಚ್ಚಾ ಎಣ್ಣೆಯ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಎಣ್ಣೆಯನ್ನು ಕೊಳ್ಳುವ ದೇಶಗಳು ಬಡವಾದವು. ಮಾರುವ ದೇಶಗಳಲ್ಲಿ ಹಣ ತುಂಬಿ ಹರಿಯಿತು. ಆ ಹಣದ ಬಲದಿಂದಲೇ ಇರಾನ್ ಸರ್ಕಾರ ೧೯೭೫ರಲ್ಲಿ ಕುದುರೆಮುಖದ ಅದಿರಿಗಾಗಿ ಸಾಲ ಕೊಡಲು ಒಪ್ಪಂದ ಮಾಡಿಕೊಂಡಿತು. ೧೯೭೬ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ೧೯೭೯ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಮುರಿದುಬಿದ್ದರೂ ಗಣಿ ನಡೆಯಿತು, ಪಟ್ಟಣ ಎದ್ದಿತು, ದಾರಿಗಳಲ್ಲಿ ಗಾಲಿಗಳು ತುಂಬಿದವು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ೨೦೦೫ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಪಟ್ಟಣ ಬಹುಮಟ್ಟಿಗೆ ಬರಿದಾಯಿತು. ಎಲ್ಲೆಡೆ ಸಂಚಾರವನ್ನು ಕುಗ್ಗಿಸಿದ ಬೆಲೆಯೇರಿಕೆಯೇ ಈ ಕಣಿವೆಯಲ್ಲಿ ಸಂಚಾರವನ್ನು ಹಿಗ್ಗಿಸಿತು. ಬೆಲೆಗೆ ಧರ್ಮಾಧರ್ಮಗಳ ವಿವೇಕವಿಲ್ಲ ಎಂಬುದಕ್ಕೆ ಇದಕ್ಕಿಂತ ಸಮೀಪದ ದೃಷ್ಟಾಂತ ಬೇಕಾಗಿಲ್ಲ.

ಬೆಲೆ ಏರಿದಾಗ ಮೊದಲು ನಿಲ್ಲುವುದು ಯಾರ ಸಂಚಾರ ಎಂಬುದನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕೊಪ್ಪದ ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ನಿಂತುಹೋದಾಗ ಅದರ ಕಾರ್ಮಿಕರೇ ಒಟ್ಟುಗೂಡಿ ೧೯೯೧ರಲ್ಲಿ ಒಂದು ಸಂಘವನ್ನು ಕಟ್ಟಿ ಬಸ್ಸುಗಳನ್ನು ನಡೆಸಿದರು. ‘ಸಹಕಾರ ಸಾರಿಗೆ’ ಎಂಬ ಆ ಹೆಸರು ಮಲೆನಾಡಿನ ಮನೆಮನೆಗೂ ಪರಿಚಿತವಾಗಿತ್ತು. ಸುಮಾರು ಮೂರು ದಶಕ ಜನರನ್ನು ಹೊತ್ತ ಆ ಸಂಸ್ಥೆ ನಷ್ಟವನ್ನು ತಾಳಲಾರದೆ ೨೦೨೦ರ ಫೆಬ್ರವರಿಯಲ್ಲಿ ಸೇವೆಯನ್ನು ನಿಲ್ಲಿಸಿತು. ನಷ್ಟದ ಕಾರಣಗಳಲ್ಲಿ ಡೀಸೆಲಿನ ಬೆಲೆಯೂ ಒಂದು. ಬಸ್ಸು ತುಂಬಿದ್ದರೂ ಅರೆ ಖಾಲಿಯಿದ್ದರೂ ಘಟ್ಟ ಹತ್ತಲು ಸುಡುವ ಡೀಸೆಲಿನಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಬೆಲೆ ಏರಿದರೆ ಟಿಕೆಟಿನ ದರ ಏರುತ್ತದೆ; ದರ ಏರಿದರೆ ಅನುಕೂಲವಿದ್ದವರು ದ್ವಿಚಕ್ರ ವಾಹನ ಕೊಳ್ಳುತ್ತಾರೆ; ಆಸನಗಳು ಬರಿದಾದರೆ ಬಸ್ಸು ನಿಲ್ಲುತ್ತದೆ; ಬಸ್ಸು ನಿಂತರೆ ಉಳಿದವರೂ ವಾಹನ ಕೊಳ್ಳಲೇಬೇಕಾಗುತ್ತದೆ. ಕೊಳ್ಳಲಾರದವರು ನಡೆಯುತ್ತಾರೆ, ಇಲ್ಲವೇ ಮನೆಯಲ್ಲೇ ಉಳಿಯುತ್ತಾರೆ. ಕೂಲಿಯವಳ ಆಸ್ಪತ್ರೆಯ ಪ್ರಯಾಣ ನಿಲ್ಲುತ್ತದೆ. ಅನುಕೂಲಸ್ಥನ ವಿಹಾರ ನಿಲ್ಲುವುದಿಲ್ಲ. ಅವಶ್ಯವಾದುದು ಯಾವುದು, ವ್ಯರ್ಥವಾದುದು ಯಾವುದು ಎಂದು ಬೆಲೆ ಕೇಳುವುದಿಲ್ಲ. ಕಿಸೆಯಲ್ಲಿ ಎಷ್ಟಿದೆ ಎಂದು ಮಾತ್ರ ಕೇಳುತ್ತದೆ.

ಬಲವಂತದ ಸಂಯಮದ ಬೆಲೆಯೆಷ್ಟು ಎಂಬುದನ್ನು ಆಚಾರ್ಯರು ಹಿಂದೆಯೇ ವಿವೇಚಿಸಿದ್ದಾರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ದೇವಾಯುವಿನ ಆಸ್ರವಕ್ಕೆ ಕಾರಣವಾದವುಗಳಲ್ಲಿ ಅಕಾಮನಿರ್ಜರೆಯನ್ನೂ ಹೇಳಿದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದಕ್ಕೆ ಕೊಡುವ ದೃಷ್ಟಾಂತ ಸೆರೆಯಲ್ಲಿರುವವನದು. ಅವನು ಹಸಿವೆ ಬಾಯಾರಿಕೆಗಳನ್ನು ಸಹಿಸುತ್ತಾನೆ, ನೆಲದ ಮೇಲೆ ಮಲಗುತ್ತಾನೆ, ಬ್ರಹ್ಮಚರ್ಯದಲ್ಲಿರುತ್ತಾನೆ. ಹೊರಗಿನಿಂದ ನೋಡುವವರಿಗೆ ತಪಸ್ವಿಯಂತೆಯೇ ಕಾಣುತ್ತಾನೆ. ಆದರೆ ಬಾಗಿಲು ತೆರೆದರೆ ಅವನು ಓಡುವುದು ಊಟದ ಕಡೆಗೆ. ಅಂತಹ ಸಹನೆಗೆ ಫಲವೇ ಇಲ್ಲವೆಂದು ಆಗಮ ಹೇಳುವುದಿಲ್ಲ. ಗೊಣಗದೆ ಕಷ್ಟವನ್ನು ಸಹಿಸಿದ ಬಡವನ ಸಹನೆ ವ್ಯರ್ಥವಲ್ಲವೆಂಬುದು ದೊಡ್ಡ ಸಮಾಧಾನ. ಆದರೆ ಅದು ವ್ರತವಲ್ಲ, ಮೋಕ್ಷಮಾರ್ಗವೂ ಅಲ್ಲ. ಬೆಲೆಗೆ ಹೆದರಿ ಮನೆಯಲ್ಲಿ ಕುಳಿತವನು ಹೋಗಲಾಗಲಿಲ್ಲವೆಂದು ದಿನವಿಡೀ ಕೊರಗಿದರೆ, ಆ ಕೊರಗು ಇಷ್ಟವಿಯೋಗದಿಂದ ಹುಟ್ಟಿದ ಆರ್ತಧ್ಯಾನವೇ ಆಗುತ್ತದೆ. ೨೦೧೭ರ ಜೂನ್ ತಿಂಗಳಿನಲ್ಲಿ ಇಂಧನದ ದರವನ್ನು ಪ್ರತಿದಿನವೂ ಪರಿಷ್ಕರಿಸುವ ಪದ್ಧತಿ ದೇಶದಲ್ಲೆಲ್ಲ ಜಾರಿಗೆ ಬಂದಿತು. ಪ್ರತಿ ಬೆಳಿಗ್ಗೆ ಆ ಅಂಕಿಯನ್ನು ನೋಡಿ ಹರ್ಷಶೋಕಗಳನ್ನು ಪಡುವ ಮನಸ್ಸು, ಗಾಡಿ ಹತ್ತದಿದ್ದರೂ ದಾರಿಯಲ್ಲಿಯೇ ಇರುತ್ತದೆ.

ಹಾಗಾದರೆ ವ್ರತವೆಂದರೆ ಯಾವುದು? ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಕೊಡುವ ಲಕ್ಷಣ ಬಹು ಸೂಕ್ಷ್ಮವಾದುದು. ಸಂಕಲ್ಪಪೂರ್ವಕವಾಗಿ, ತನಗೆ ಯೋಗ್ಯವಾದ ವಿಷಯದಿಂದಲೂ ನಿವೃತ್ತನಾಗುವುದೇ ವ್ರತ. ಕೈಗೆಟುಕದುದನ್ನು ಬಿಟ್ಟೆನೆಂದು ಹೇಳುವುದು ತ್ಯಾಗವಲ್ಲ. ಹಣವಿದೆ, ಗಾಡಿಯಿದೆ, ಹೋಗುವುದರಲ್ಲಿ ದೋಷವೂ ಇಲ್ಲ. ಆದರೂ ಇಂತಿಷ್ಟು ಕಾಲ ಇಂತಿಷ್ಟು ದೂರಕ್ಕೆ ಮೀರಿ ಹೋಗುವುದಿಲ್ಲವೆಂದು ನಿಶ್ಚಯಿಸಿದಾಗ ವ್ರತ ಹುಟ್ಟುತ್ತದೆ. ಜೀವಮಾನವಿಡೀ ಹಿಡಿದರೆ ಯಮ, ಕಾಲದ ಮಿತಿಯೊಡನೆ ಹಿಡಿದರೆ ನಿಯಮ. ನಿಯಮ ಮಾಡತಕ್ಕ ವಿಷಯಗಳನ್ನು ಎಣಿಸುವಾಗ ಆಚಾರ್ಯರು ಮೊದಲು ಭೋಜನವನ್ನು ಹೇಳಿ, ಅದರ ಬೆನ್ನಿಗೇ ವಾಹನವನ್ನು ಹೇಳುತ್ತಾರೆ. ಹಾಸಿಗೆ, ಸ್ನಾನ, ತಾಂಬೂಲ, ವಸ್ತ್ರ, ಆಭರಣಗಳೆಲ್ಲ ಅನಂತರ. ಇಂದು, ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲದ ಮಿತಿಗಳನ್ನೂ ಹೇಳಿದ್ದಾರೆ. ಅಷ್ಟಮಿ ಚತುರ್ದಶಿಗಳಂದು ಭೋಜನದ ನಿಯಮವನ್ನು ತಪ್ಪದೆ ಪಾಲಿಸುವ ಎಷ್ಟೋ ಮನೆಗಳಲ್ಲಿ, ಅದೇ ಪಟ್ಟಿಯ ಎರಡನೆಯ ಹೆಸರು ಮರೆತುಹೋಗಿದೆ.

ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವ ಸಂದರ್ಭದಲ್ಲಿಯೂ ಇದೇ ಎಚ್ಚರವಿದೆ. ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿಯನ್ನು ಕಲಕುವುದು, ಗಿಡ ಕಡಿಯುವುದು ಇವುಗಳ ಜೊತೆಗೆ ಸುಮ್ಮನೆ ತಿರುಗುವುದನ್ನೂ ಇತರರನ್ನು ಸುಮ್ಮನೆ ತಿರುಗಿಸುವುದನ್ನೂ ಆಚಾರ್ಯರು ಸೇರಿಸಿದ್ದಾರೆ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ೨.೩ ಕಿಲೋಗ್ರಾಂ, ಡೀಸೆಲ್ ಉರಿದರೆ ಸುಮಾರು ೨.೭ ಕಿಲೋಗ್ರಾಂ ಇಂಗಾಲದ ಅನಿಲ ವಾಯುವನ್ನು ಸೇರುತ್ತದೆ ಎಂದು ವಿಜ್ಞಾನ ಲೆಕ್ಕ ಹೇಳುತ್ತದೆ. ಅಗ್ನಿಕಾಯ ವಾಯುಕಾಯ ಜೀವಗಳ ಘಾತವನ್ನು ಬಲ್ಲ ಶ್ರಾವಕನಿಗೆ ಆ ಲೆಕ್ಕ ಹೊಸತೇನಲ್ಲ. ಮಳೆಗಾಲದ ರಾತ್ರಿ ಮಲೆನಾಡಿನ ರಸ್ತೆಗೆ ಕಪ್ಪೆ ಹುಳುಗಳು ಬರುವುದನ್ನು ನೋಡಿದವರಿಗೆ ಗಾಲಿಯ ಕೆಳಗಿನ ತ್ರಸಹಿಂಸೆಯನ್ನು ವಿವರಿಸಬೇಕಾಗಿಲ್ಲ. ಇನ್ನು ಇತರರನ್ನು ತಿರುಗಿಸುವ ದೋಷ: ಮರೆತ ಒಂದು ಪೊಟ್ಟಣಕ್ಕಾಗಿ ಆಳನ್ನು ಕಳಸಕ್ಕೆ ಅಟ್ಟುವುದು, ಫೋನಿನಲ್ಲಿ ಮುಗಿಯುವ ಮಾತಿಗೆ ಬಂಧುಗಳನ್ನು ಘಟ್ಟ ಹತ್ತಿಸುವುದು, ಒಂದು ದಿನದಲ್ಲಿ ಆಗುವ ಕೆಲಸಕ್ಕೆ ನಾಲ್ಕು ದಿನ ಬರಹೇಳುವುದು. ಪೆಟ್ರೋಲಿನ ಹಣವನ್ನು ತಾನೇ ಕೊಟ್ಟರೂ ಈ ದೋಷ ತೀರುವುದಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ದುಡಿಮೆಗಾಗಿ ದಿನವೂ ಪ್ರಯಾಣ ಮಾಡಲೇಬೇಕಾದವನು ಏನು ಮಾಡಬೇಕು? ತೋಟಕ್ಕೆ, ಶಾಲೆಗೆ, ಕಚೇರಿಗೆ ಹೋಗುವುದು ಉದ್ಯೋಗಿ ಹಿಂಸೆಯ ಕಕ್ಷೆಯಲ್ಲಿ ಬರುತ್ತದೆ. ಗೃಹಸ್ಥನು ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು; ಉದ್ಯೋಗಿ ಹಿಂಸೆಯನ್ನು ಯತ್ನಾಚಾರದಿಂದ ಕಡಿಮೆ ಮಾಡಿಕೊಂಡರೆ ಸಾಕು. ಅವನ ಪ್ರಯಾಣವನ್ನು ನಿಂದಿಸುವ ಅಧಿಕಾರ ಯಾರಿಗೂ ಇಲ್ಲ. ರೋಗಿಯನ್ನು ಆಸ್ಪತ್ರೆಗೆ ಒಯ್ಯುವ ಪ್ರಯಾಣವಂತೂ ಕರುಣೆಯೇ ಆಗಿದೆ. ಅದಕ್ಕೆ ಅಡ್ಡಿಯಾಗುವಂತೆ ಯಾರೂ ನಿಯಮ ಮಾಡಬಾರದು.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದುದು. ಕಾರು ಇದ್ದವನು ಅದನ್ನು ಒಂದು ದಿನ ನಿಲ್ಲಿಸಿ ವ್ರತಿಯೆನಿಸುತ್ತಾನೆ. ಪ್ರತಿದಿನ ಗುಡ್ಡ ಹತ್ತಿ ಇಳಿಯುವ ಕೂಲಿಯವಳಿಗೆ ಯಾವ ಹೆಸರೂ ಇಲ್ಲ. ವ್ರತ ಉಳ್ಳವರ ಆಭರಣವಾಗಬಹುದೇ? ಈ ಆಕ್ಷೇಪದಲ್ಲಿ ಸತ್ಯವಿದೆ. ಅದಕ್ಕೆ ಉತ್ತರ ವ್ರತವನ್ನು ಬಿಡುವುದರಲ್ಲಿಲ್ಲ, ಪೂರ್ಣಗೊಳಿಸುವುದರಲ್ಲಿದೆ. ಸ್ವಂತ ಸಂಚಾರವನ್ನು ಮಿತಗೊಳಿಸಿದವನು ಅದರಿಂದ ಉಳಿದುದನ್ನು ಬೇರೊಂದು ಭೋಗಕ್ಕೆ ತಿರುಗಿಸಿದರೆ ಪರಿಗ್ರಹದ ರೂಪ ಮಾತ್ರ ಬದಲಾಯಿತು. ಆ ಹಣ ನೆರೆಯ ಬಡರೋಗಿಯ ಆಸ್ಪತ್ರೆಯ ದಾರಿಗೆ ಒದಗಿದರೆ, ಕಳಸಕ್ಕೆ ಹೊರಟ ಜೀಪಿನ ಖಾಲಿ ಆಸನ ದಾರಿಯಲ್ಲಿ ನಡೆಯುವವರಿಗೆ ದೊರೆತರೆ, ಸಂಯಮ ದಾನದೊಡನೆ ಸೇರುತ್ತದೆ. ಬಸ್ಸು ಹತ್ತುವುದಕ್ಕೂ ಇಲ್ಲಿ ಧರ್ಮದ ಅರ್ಥವಿದೆ: ಅನುಕೂಲಸ್ಥರು ಕೊಂಡ ಒಂದೊಂದು ಟಿಕೆಟೂ ಬಡವರ ಬಸ್ಸನ್ನು ಒಂದು ದಿನ ಹೆಚ್ಚು ಓಡಿಸುತ್ತದೆ. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕೊಟ್ಟಿತಾದರೂ ಅದು ಖಾಸಗಿ ಬಸ್ಸುಗಳಿಗೆ ಅನ್ವಯಿಸುವ ಯೋಜನೆಯಲ್ಲ. ಖಾಸಗಿ ಬಸ್ಸನ್ನೇ ನಂಬಿದ ದಾರಿಗಳಲ್ಲಿ ಬಸ್ಸು ಉಳಿಯುವುದು ಪ್ರಯಾಣಿಕರಿಂದಲೇ.

ದಿಗ್ವ್ರತಕ್ಕೆ ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನಗಳು ಎಲ್ಲೆಗಳೆಂದು ಶಾಸ್ತ್ರ ಹೇಳುತ್ತದೆ. ಸಂಸೆಯ ಗೃಹಸ್ಥನಿಗೆ ಪರ್ವತವೂ ನದಿಯೂ ಅಡವಿಯೂ ಕಣ್ಣೆದುರಿಗೇ ಇವೆ. ಜೀವಮಾನದ ಎಲ್ಲೆಯನ್ನು ದೂರದಲ್ಲಿಟ್ಟು, ಅದರೊಳಗೆ ದೇಶಾವಕಾಶಿಕದ ಕಿರಿದಾದ ಎಲ್ಲೆಯನ್ನು ದಿನಕ್ಕೋ ಪಕ್ಷಕ್ಕೋ ಹಾಕಿಕೊಳ್ಳಬಹುದು: ಇಂದು ತೋಟದ ಗಡಿ, ಈ ಪಕ್ಷದಲ್ಲಿ ಕಳಸದಿಂದಾಚೆಗಿಲ್ಲ, ಚಾತುರ್ಮಾಸದ ರಾತ್ರಿಗಳಲ್ಲಿ ರೋಗಾದಿ ಆಪತ್ತುಗಳ ಹೊರತು ಗಾಡಿ ಹೊರಡುವುದಿಲ್ಲ, ದಶಲಕ್ಷಣ ಪರ್ವದಲ್ಲಿ ಬಸದಿಗೆ ಕಾಲ್ನಡಿಗೆ ಅಥವಾ ಬಸ್ಸು. ಎಲ್ಲೆಯ ಆಚೆಗೆ ಸೂಕ್ಷ್ಮ ಪಾಪವೂ ನಿಲ್ಲುವುದರಿಂದ ಅಲ್ಲಿ ಶ್ರಾವಕನ ಅಣುವ್ರತಗಳು ಮಹಾವ್ರತದ ಪರಿಣತಿಯನ್ನು ಹೊಂದುತ್ತವೆ ಎಂದು ಸಮಂತಭದ್ರರು ಹೇಳಿದ್ದಾರೆ. ಇಷ್ಟು ದೊಡ್ಡ ಫಲ ಇಷ್ಟು ಸಣ್ಣ ನಿಯಮಕ್ಕೆ ಇದೆ. ಆದರೆ ಅತಿಚಾರಗಳ ಎಚ್ಚರ ಬೇಕು. ವಾರವಿಡೀ ಉಳಿಸಿದ ದೂರವನ್ನು ಭಾನುವಾರ ಘಟ್ಟದ ಕೆಳಗಿನ ವಿಹಾರಕ್ಕೆ ಕೂಡಿಸುವುದು ಕ್ಷೇತ್ರವೃದ್ಧಿ; ಹಾಕಿಕೊಂಡ ಎಲ್ಲೆಯನ್ನೇ ಮರೆಯುವುದು ಸ್ಮೃತ್ಯಂತರಾಧಾನ.

ಧರ್ಮಕಾರ್ಯದ ಪ್ರಯಾಣಗಳೂ ಈ ವಿಚಾರಕ್ಕೆ ಹೊರತಲ್ಲ. ೨೦೧೮ರಲ್ಲಿ ಶ್ರವಣಬೆಳಗೊಳದಲ್ಲಿ, ೨೦೨೪ರಲ್ಲಿ ವೇಣೂರಿನಲ್ಲಿ ಮಹಾಮಸ್ತಕಾಭಿಷೇಕಗಳು ನಡೆದಾಗ ಮುನಿಸಂಘಗಳು ನಾಲ್ಕು ಮೊಳದ ನೆಲವನ್ನು ಶೋಧಿಸುತ್ತಾ ಪಾದವಿಹಾರದಿಂದಲೇ ಬಂದವು. ಅವರ ದರ್ಶನಕ್ಕೆ ಶ್ರಾವಕರು ವಾಹನಗಳಲ್ಲಿ ಹೋದರು. ಗೃಹಸ್ಥನಿಗೆ ಅದು ನಿಷಿದ್ಧವಲ್ಲ. ಆದರೆ ಒಂದೇ ಊರಿನ ನಾಲ್ಕು ಮನೆಗಳು ನಾಲ್ಕು ಕಾರುಗಳಲ್ಲಿ ಹೋಗಿ ಈರ್ಯಾಸಮಿತಿಯ ಪ್ರವಚನವನ್ನು ಕೇಳಿ ಬರುವುದಕ್ಕಿಂತ, ಒಂದೇ ವಾಹನದಲ್ಲಿ ಕೂಡಿ ಹೋಗಿ ಬಂದರೆ ಕೇಳಿದುದರ ಅರ್ಧವನ್ನಾದರೂ ಆಚರಿಸಿದಂತಾಗುತ್ತದೆ.

ಭಾರತ ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಶೇ. ೮೦ಕ್ಕೂ ಹೆಚ್ಚಿನ ಪಾಲನ್ನು ಹೊರದೇಶಗಳಿಂದ ತರುತ್ತದೆ. ಆದ್ದರಿಂದ ದೂರದ ಯುದ್ಧವೊಂದು ಬೆಲೆಯನ್ನು ಏರಿಸಬಹುದು, ದೂರದ ಸಂಧಿಯೊಂದು ಇಳಿಸಬಹುದು. ೨೦೨೧ರ ಜೂನಿನಲ್ಲಿ ಬೆಂಗಳೂರಿನಲ್ಲಿ ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲು, ಅದೇ ವರ್ಷದ ನವೆಂಬರಿನಲ್ಲಿಯೂ ೨೦೨೨ರ ಮೇ ತಿಂಗಳಿನಲ್ಲಿಯೂ ಸುಂಕದ ಕಡಿತದಿಂದ ಸ್ವಲ್ಪ ಇಳಿಯಿತು. ವ್ರತಕ್ಕೂ ನಿರ್ಬಂಧಕ್ಕೂ ಇರುವ ಭೇದ ತಿಳಿಯುವುದು ಬೆಲೆ ಏರಿದ ದಿನವಲ್ಲ, ಇಳಿದ ದಿನ. ಅಂದು ಗಾಡಿಯ ಬೀಗದ ಕೈಯನ್ನು ಮೊಳೆಯಿಂದ ತೆಗೆಯುವ ಮುನ್ನ, ಈ ಪ್ರಯಾಣದ ಪ್ರಯೋಜನವೇನು ಎಂದು ಯಾವನು ಕೇಳಿಕೊಳ್ಳುತ್ತಾನೋ ಅವನ ಸಂಯಮ ಮಾರುಕಟ್ಟೆಯದಲ್ಲ, ಆತ್ಮನದು. ಬೆಲೆಯ ತಡೆಯಿಂದ ಅಕಸ್ಮಾತ್ತಾಗಿ ಒದಗಿದ ನಿಲುಗಡೆಯನ್ನು ಸಂಕಲ್ಪದಿಂದ ನಿಯಮವಾಗಿ ಮಾರ್ಪಡಿಸಿಕೊಳ್ಳುವುದೇ ವಿವೇಕಿಗಳಾದ ಶ್ರಾವಕ-ಶ್ರಾವಿಕೆಯರಿಗೆ ಈ ಕಾಲ ಕೊಟ್ಟಿರುವ ಅವಕಾಶ.