ಅಕ್ಕಿಯ ಸ್ವಸ್ತಿಕ, ಉಕ್ಕಿನ ಸ್ವಸ್ತಿಕ

ಸ್ಟುಟ್‌ಗಾರ್ಟ್‌ನ ಶನಿವಾರದ ಹಳೇ ಸಾಮಾನಿನ ಸಂತೆಯಲ್ಲಿ ಆ ಬೆಲ್ಟ್ ಬಕಲ್ ಕಣ್ಣಿಗೆ ಬಿತ್ತು. ಓಕ್ ಎಲೆಗಳ ಹಾರದೊಳಗೆ ರೆಕ್ಕೆ ಬಿಚ್ಚಿದ ಹದ್ದು. ಅದರ ಉಗುರಿನಲ್ಲಿದ್ದ ಚಿಹ್ನೆಯ ಮೇಲೆ ಮಾತ್ರ ಪುಟ್ಟ ಕಾಗದದ ಚೂರು ಅಂಟಿಸಿದ್ದರು. ನಾತ್ಸಿ ಚಿಹ್ನೆಯ ಪ್ರದರ್ಶನ ಜರ್ಮನಿಯಲ್ಲಿ ಅಪರಾಧ. ಅದಕ್ಕೇ ವ್ಯಾಪಾರಿಗಳು ಹೀಗೆ ಮುಚ್ಚಿಡುತ್ತಾರೆ. ಮನೆಗೆ ತಂದು ಕಾಗದ ಸುಲಿದೆ. ಮೂಡುಬಿದಿರೆಯ ಬಸದಿಯಲ್ಲಿ ಅಮ್ಮ ಅಕ್ಕಿಕಾಳಿನಿಂದ ಬಿಡಿಸುತ್ತಿದ್ದ ಸ್ವಸ್ತಿಕದ ರೂಪ ಅಲ್ಲಿ ಉಕ್ಕಿನಲ್ಲಿ ಕೂತಿತ್ತು.

ಅಂಥವನ್ನು ಕೂಡಿಡುತ್ತಾ ಹೋದೆ, ಹನ್ನೆರಡು ವರ್ಷಗಳಲ್ಲಿ ಒಂದು ಡ್ರಾಯರ್ ತುಂಬಿತು. 1935ರಲ್ಲಿ ಬಹಿರಂಗವಾಗಿ ಕಾಣಿಸಿಕೊಂಡ ಜರ್ಮನ್ ವಾಯುಪಡೆ, ಲುಫ್ಟ್‌ವಾಫೆಯ ಲಾಂಛನಗಳೇ ಎಲ್ಲ. ಕಾಲರ್ ಪಟ್ಟಿ ಹೊಂಬಣ್ಣದ್ದಾದರೆ ವಿಮಾನ ದಳ, ಕೆಂಪಾದರೆ ವಿಮಾನನಿರೋಧಕ ಫಿರಂಗಿ ದಳ. ಅದರ ಮೇಲಿನ ಪುಟ್ಟ ರೆಕ್ಕೆಗಳು ಒಂದರಿಂದ ನಾಲ್ಕರವರೆಗೆ ಸಾಮಾನ್ಯ ಸೈನಿಕನ ದರ್ಜೆ ಹೇಳುತ್ತವೆ. ಬಕಲ್ ಮೊದಲು ಅಲ್ಯೂಮಿನಿಯಂನದು. ಯುದ್ಧ ಬಿಗಿಯಾದಂತೆ ನೀಲಿಬೂದು ಬಣ್ಣ ಬಳಿದ ಉಕ್ಕಿನದು. ಭೂಸೇನೆಯ ಬಕಲ್ ಮೇಲೆ ‘ದೇವರು ನಮ್ಮೊಂದಿಗಿದ್ದಾನೆ’ ಎಂದು ಜರ್ಮನ್‌ನಲ್ಲಿ ಬರೆದಿತ್ತು. ವಾಯುಪಡೆಯದರ ಮೇಲೆ ದೇವರಿಲ್ಲ, ಅಕ್ಷರವೇ ಇಲ್ಲ.

ಒಂದು ಸಂಜೆ ಅಲ್ಯೂಮಿನಿಯಂ ಬಕಲ್ ಒಂದನ್ನು ದೀಪಕ್ಕೆ ಹಿಡಿದು ಹದ್ದಿನ ಗರಿಗಳನ್ನು ನೋಡುತ್ತಿದ್ದೆ. ಎಷ್ಟು ಚೆಂದ ಅನ್ನಿಸಿತು. ಅನ್ನಿಸಿದ ಕೂಡಲೇ ಎದೆ ಧಸಕ್ಕೆಂದಿತು. ಕೃತ, ಕಾರಿತ, ಅನುಮೋದಿತ: ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ಹಿಂಸೆ ಈ ಮೂರು ಬಾಗಿಲಿಂದಲೂ ಒಳಗೆ ಬರುತ್ತದೆಂದು ಜೈನ ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದವನು ನಾನು. 1940ರ ಮೇ 14ರಂದು ಈ ಪಡೆಯ ವಿಮಾನಗಳು ರಾಟರ್‌ಡ್ಯಾಮ್‌ನ ನಡುವೂರನ್ನು ಸುಟ್ಟು ನೂರಾರು ಜನರನ್ನು ಕೊಂದವು. ನಾನು ಬಾಂಬು ಹಾಕಲಿಲ್ಲ, ಹಾಕಿಸಲಿಲ್ಲ. ಮೂರನೆಯ ಬಾಗಿಲನ್ನು ತೆರೆದಿಟ್ಟೆನೇ?

ಪಾಪ ಈ ಲೋಹದಲ್ಲಿದೆ ಎಂದು ನಾನು ನಂಬಲಾರೆ. 1937ರ ಏಪ್ರಿಲ್ 26ರಂದು ಗೆರ್ನಿಕಾ ಪಟ್ಟಣವನ್ನು ನೆಲಸಮ ಮಾಡಿದ ಇದೇ ವಾಯುಪಡೆಯ ಕಾಂಡೋರ್ ದಳದ ಜರ್ಮನ್ನರು ಈ ಸಮವಸ್ತ್ರವನ್ನೇ ತೊಟ್ಟಿರಲಿಲ್ಲ. ಸ್ಪೇನ್‌ನ ಅಂತರ್ಯುದ್ಧದಲ್ಲಿ ಅವರಿಗೆ ಬೇರೆಯದೇ ಕಂದು ಉಡುಪು. ಲಾಂಛನ ಕಳಚಿಟ್ಟರೂ ಕರ್ಮ ಕಳಚಲಿಲ್ಲ. ಕರ್ಮ ಅಂಟುವುದು ಜೀವಕ್ಕೆ, ಬಕಲ್ ಅಜೀವ. ಅದನ್ನು ನೆಕ್ಕರ್ ನದಿಗೆ ಎಸೆದರೆ ನನಗೇನೂ ತೊಳೆದುಹೋಗುವುದಿಲ್ಲ. ಜೈನಾಚಾರ್ಯ ಉಮಾಸ್ವಾತಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಪರಿಗ್ರಹವೆಂದು ಕರೆದದ್ದು ವಸ್ತುವನ್ನಲ್ಲ, ವಸ್ತುವಿನ ಮೇಲಿನ ಮೂರ್ಛೆಯನ್ನು, ಅಂದರೆ ಮೋಹವನ್ನು. ದೀಪದ ಕೆಳಗೆ ನನಗೆ ಬಡಿದದ್ದು ಆ ಮೂರ್ಛೆಯೇ: ಗರಿ ಕಂಡಿತು, ಉರಿದ ಊರು ಕಾಣಲಿಲ್ಲ.

ಅಂದಿನಿಂದ ಡ್ರಾಯರ್‌ನ ಚೀಟಿಗಳಲ್ಲಿ ಬೆಲೆ ಬರೆಯುವುದನ್ನು ಬಿಟ್ಟೆ. ಆ ಜಾಗದಲ್ಲಿ ಈ ಪಡೆ ಬಾಂಬು ಹಾಕಿದ ಊರು, ತಾರೀಕು ಬರೆದೆ: ವಾರ್ಸಾ, ರಾಟರ್‌ಡ್ಯಾಮ್, ಕಾವೆಂಟ್ರಿ. ಯಾರಾದರೂ ನೋಡಲು ಬಂದರೆ ಮೊದಲು ಚೀಟಿ ಓದಿಸುತ್ತೇನೆ, ಆಮೇಲೆ ವಸ್ತು ಕೈಗೆ ಕೊಡುತ್ತೇನೆ.

ಅಮ್ಮನ ಸ್ವಸ್ತಿಕದ ನಾಲ್ಕು ತೋಳು ನಾಲ್ಕು ಗತಿಗಳು: ದೇವ, ಮನುಷ್ಯ, ತಿರ್ಯಂಚ (ಪ್ರಾಣಿ), ನರಕ. ಈ ಹುಟ್ಟುಸಾವಿನ ಸುತ್ತಿನಿಂದ ಬಿಡಿಸಿಕೊಳ್ಳಬೇಕೆಂಬ ಹಂಬಲಕ್ಕೇ ಅದನ್ನು ಬರೆಯುವುದು. ಅರ್ಪಿಸಿದ ಅಕ್ಕಿಯ ಒಂದು ಕಾಳನ್ನೂ ಅವಳು ಮನೆಗೆ ತರುತ್ತಿರಲಿಲ್ಲ.

ಹೋದ ಶನಿವಾರ ಸಂತೆಯಲ್ಲಿ ಮತ್ತೊಂದು ಬಕಲ್ ಸಿಕ್ಕಿತು. ಬಣ್ಣ ಒಂಚೂರೂ ಸವೆದಿರಲಿಲ್ಲ. ಬಹಳ ಹೊತ್ತು ಹಿಡಿದು ನಿಂತೆ, ಇದ್ದಲ್ಲೇ ಇಟ್ಟೆ. ಅಮ್ಮ ಬಸದಿಯಿಂದ ಬರುತ್ತಿದ್ದ ಹಾಗೆ ಬರಿಗೈಯಲ್ಲಿ ಮನೆಗೆ ಬಂದೆ.