ಅಂಕವಿಲ್ಲದ ಹತ್ತು ದಿನ

ಮಾರ್ಚ್ ಕೊನೆಗೆ ವಾರ್ಷಿಕ ಪರೀಕ್ಷೆ ಮುಗಿಯುತ್ತದೆ. ಫಲಿತಾಂಶ ಹೇಳುವುದು ಏಪ್ರಿಲ್ 10ಕ್ಕೆ, ಮಾರನೆಯ ದಿನದಿಂದ ಬೇಸಿಗೆ ರಜೆ. ಈ ನಡುವೆ ಉಳಿಯುವ ಹತ್ತು ಹನ್ನೆರಡು ದಿನಗಳಿವೆಯಲ್ಲ, ಅವುಗಳಿಗೆ ಯಾರೂ ಬೆಲೆ ಕೊಡುವುದಿಲ್ಲ. ಮದುವೆ ಮುಗಿದ ಮಾರನೆಯ ದಿನದ ಛತ್ರದ ಹಾಗೆ ಶಾಲೆ ಕಾಣುತ್ತದೆ. ಹಾಜರಾತಿ ಅರ್ಧಕ್ಕೆ ಇಳಿಯುತ್ತದೆ. ನಾವು ಉಪಾಧ್ಯಾಯರು ಉತ್ತರ ಪತ್ರಿಕೆಗಳ ಕಟ್ಟು ಮುಂದಿಟ್ಟುಕೊಂಡು ಕೂತಿರುತ್ತೇವೆ. ಬಂದ ಮಕ್ಕಳಿಗೆ ಏನಾದರೂ ಕೆಲಸ ಕೊಟ್ಟು ಸುಮ್ಮನಿರಿಸಿದರೆ ಸಾಕು ಎನ್ನುವ ಮನಃಸ್ಥಿತಿ ನಮ್ಮದೂ ಹೌದು.

"ಪರೀಕ್ಷೆ ಮುಗೀತಲ್ಲ ಮೇಡಂ, ಇನ್ನೂ ಯಾಕೆ ಕಳಿಸ್ಬೇಕು?" ಎಂದು ತಾಯಂದಿರು ಕೇಳುತ್ತಾರೆ. ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಬೆಳಗ್ಗೆ ಎಂಟಕ್ಕೆ ಡಬ್ಬಿ ಕಟ್ಟಿ, ಜಡೆ ಹಾಕಿ, ಬೂಟು ಹುಡುಕಿ ವರ್ಷವಿಡೀ ಸಾಕಾಗಿ ಹೋಗಿರುತ್ತದೆ. ಆದರೂ ಆ ಪ್ರಶ್ನೆಯ ಒಳಗೊಂದು ನಂಬಿಕೆ ಕೂತಿದೆ. ಕಲಿಕೆ ಎನ್ನುವುದೊಂದು ಸಾಲ, ಪರೀಕ್ಷೆಯೆಂದರೆ ಅದನ್ನು ತೀರಿಸುವ ದಿನ, ತೀರಿದ ಮೇಲೆ ಸಾಹುಕಾರನ ಮನೆಯ ಹೊಸ್ತಿಲು ಯಾಕೆ ತುಳಿಯಬೇಕು? ಮಕ್ಕಳಿಗೂ ಇದು ಬಹಳ ಬೇಗ ಅಂಟಿಕೊಳ್ಳುತ್ತದೆ. ಒಂದರಿಂದ ಮೂರನೆಯ ತರಗತಿಯವರೆಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಅಲ್ಲಿ ಮಗು ತನ್ನ ಕಾರ್ಡು ಹುಡುಕಿಕೊಂಡು, ತನ್ನ ಏಣಿಯ ಮೆಟ್ಟಿಲನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಅದೇ ಮಗು ನಾಲ್ಕಕ್ಕೆ ಬಂದು ಆರು ತಿಂಗಳಾಗುವಷ್ಟರಲ್ಲಿ "ಮಿಸ್, ಇದು ಪರೀಕ್ಷೆಗೆ ಬರುತ್ತಾ?" ಎಂದು ಕೇಳಲು ಕಲಿತಿರುತ್ತದೆ. ನಾವು ಹೇಳಿಕೊಡದೆಯೇ ಮಕ್ಕಳು ಚೆನ್ನಾಗಿ ಕಲಿಯುವ ಪಾಠ ಇದೊಂದೇ ಇರಬೇಕು.

ನಾನು ಕೆಲಸಕ್ಕೆ ಸೇರಿ ಇಪ್ಪತ್ತೆಂಟು ವರ್ಷವಾಯಿತು. ಆ ಹತ್ತು ದಿನಗಳಲ್ಲಿ ನನ್ನ ಐದನೆಯ ತರಗತಿಯ ಮಕ್ಕಳೊಂದಿಗೆ ನಾನು ಮಾಡುವ ಕೆಲಸಗಳು ಬಹಳ ಸಾಮಾನ್ಯವಾದವು. ಹರಿದ ಲೈಬ್ರರಿ ಪುಸ್ತಕಗಳಿಗೆ ಮೈದಾ ಗಂಜಿ ಹಚ್ಚಿ ಅಂಟಿಸುವುದು. ಭೂಪಟಗಳನ್ನು ಇಳಿಸಿ, ದೂಳು ಹೊಡೆದು ಸುತ್ತಿಡುವುದು. ಟೇಪು ಹಿಡಿದು ಶಾಲೆಯ ಅಂಗಳ ಅಳೆಯುವುದು. ಇವುಗಳಲ್ಲಿ ನನಗೆ ತುಂಬ ಪ್ರಿಯವಾದದ್ದು ಹಳೆಯ ನೋಟ್ ಪುಸ್ತಕಗಳ ಕೆಲಸ. ಪ್ರತಿ ಮಗುವೂ ತನ್ನ ಆ ವರ್ಷದ ಪುಸ್ತಕಗಳಲ್ಲಿ ಬರೆಯದೆ ಉಳಿದ ಹಾಳೆಗಳನ್ನು ಬಿಡಿಸಿ ತರಬೇಕು. ಎಲ್ಲವನ್ನೂ ರಾಶಿ ಹಾಕಿ, ಸಮ ಮಾಡಿ, ದಬ್ಬಳ ನೂಲಿನಿಂದ ಹೊಲಿದು ರಫ್ ಪುಸ್ತಕ ಮಾಡುತ್ತೇವೆ.

ಒಂದು ವರ್ಷ ಎಣಿಸಿದಾಗ 416 ಹಾಳೆ ಬಂತು. ಪುಸ್ತಕಕ್ಕೆ ನಲವತ್ತು ಹಾಳೆ ಎಂದು ಮಕ್ಕಳೇ ತೀರ್ಮಾನಿಸಿದ್ದರು. ಭಾಗಿಸಿದರು: ಭಾಗಲಬ್ಧ 10, ಶೇಷ 16. ಇಂಥ ಲೆಕ್ಕವನ್ನು ಅವರು ವರ್ಷದಲ್ಲಿ ನೂರು ಸಲ ಮಾಡಿರುತ್ತಾರೆ. ಶೇಷ ಹದಿನಾರು ಎಂದು ಬರೆದು, ಕೆಳಗೊಂದು ಗೆರೆ ಎಳೆದರೆ ಮುಗಿಯಿತು, ಎರಡು ಅಂಕ. ಈಗ ಮಾತ್ರ ಆ ಶೇಷ ಹೋಗಲಿಲ್ಲ. ಹದಿನಾರು ಹಾಳೆ ನೆಲದ ಮೇಲೆ ಬಿದ್ದುಕೊಂಡಿತ್ತು. ಏನು ಮಾಡುವುದು? ಒಬ್ಬ, ಒಂದು ಪುಸ್ತಕವನ್ನು ದಪ್ಪ ಮಾಡೋಣ ಎಂದ. ಹಾಗಾದರೆ ಅದು ಯಾರಿಗೆ ಎಂದು ಜಗಳ ಎದ್ದಿತು. ಇನ್ನೊಬ್ಬಳು, ಹತ್ತು ಪುಸ್ತಕಕ್ಕೂ ಒಂದೊಂದು ಹಾಕಿದರೆ ಆರು ಉಳಿಯುತ್ತೆ ಅಂದಳು. ಆ ಆರನ್ನು ಏನು ಮಾಡುವುದೆಂದು ಮತ್ತೆ ಚರ್ಚೆ. ಪುಸ್ತಕ ಹತ್ತು, ಮಕ್ಕಳು ಮೂವತ್ತೆರಡು ಎನ್ನುವುದು ಆಗ ನೆನಪಾಯಿತು. ಅದಂತೂ ದೊಡ್ಡ ರಾಮಾಯಣವೇ ಆಯಿತು! ಕೊನೆಗೆ ಪುಸ್ತಕಗಳೆಲ್ಲ ಮುಂದಿನ ವರ್ಷ ಒಂದನೆಯ ತರಗತಿಗೆ ಬರುವವರಿಗೆ, ಉಳಿದ ಹದಿನಾರು ಹಾಳೆ ಕತ್ತರಿಸಿ ಲೈಬ್ರರಿ ಪುಸ್ತಕಗಳಿಗೆ ಚೀಟಿ ಎಂದು ಒಪ್ಪಂದವಾಗುವ ಹೊತ್ತಿಗೆ ಊಟದ ಗಂಟೆ ಹೊಡೆದಿತ್ತು. ಒಂದೂಮುಕ್ಕಾಲು ಗಂಟೆ ಭಾಗಾಕಾರದ ಮೇಲೆ ಮಾತಾಡಿದ ಐದನೆಯ ತರಗತಿಯನ್ನು ನಾನು ಬೇರೆ ಯಾವ ತಿಂಗಳಲ್ಲೂ ಕಂಡಿಲ್ಲ. ಈ ನಡುವೆ ಒಬ್ಬ ಹುಡುಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ್ದ: "ಮಿಸ್, ಇದಕ್ಕೆ ಎಷ್ಟು ಮಾರ್ಕ್ಸು?"

ಇಲ್ಲ ಎಂದೆ. "ಸುಮ್ನೇನಾ?" ಎಂದ. ಸುಮ್ಮನೆ ಎಂದೆ. ಹೋಗಿ ಮತ್ತೆ ಹೊಲಿಗೆಗೆ ಕೂತ.

ಈ 'ಸುಮ್ಮನೆ' ಎನ್ನುವ ಮಾತಿನ ಬಗ್ಗೆಯೇ ನಾನು ಬಹಳ ದಿನಗಳಿಂದ ಯೋಚಿಸುತ್ತಿರುವುದು. ಪ್ರತಿಫಲದ ಆಸೆ ತೋರಿಸಿದರೆ ಕಲಿಕೆಯ ರುಚಿ ಕೆಡುತ್ತದೆ ಎಂಬುದಕ್ಕೆ ಆಧಾರವಿದೆ. ಅಮೆರಿಕದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಅವರ ಸಂಗಡಿಗರು ಶಿಶುವಿಹಾರದ ಮಕ್ಕಳೊಂದಿಗೆ ಮಾಡಿದ ಒಂದು ಪ್ರಯೋಗವನ್ನು 1973ರಲ್ಲಿ ಪ್ರಕಟಿಸಿದರು. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದೆಂದರೆ ಆ ಮಕ್ಕಳಿಗೆ ಮೊದಲೇ ಇಷ್ಟ. ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ, ಹಾಗೇ ಕೊಟ್ಟರು. ಒಂದೆರಡು ವಾರದ ಮೇಲೆ ನೋಡಿದರೆ, ಪ್ರಶಸ್ತಿಗೆಂದೇ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತೂ ಪೆನ್ನು ಹಿಡಿಯುತ್ತಿರಲಿಲ್ಲವಂತೆ. ಕನ್ನಡದಲ್ಲೂ ಬಂದಿರುವ 'ತೊತ್ತೋಚಾನ್' ಪುಸ್ತಕವನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಜಪಾನಿನ ಆ ಶಾಲೆಯ ಹೆಡ್‌ಮಾಸ್ತರು ಕೊಬಯಾಶಿ ಆಟೋಟದಲ್ಲಿ ಗೆದ್ದವರಿಗೆ ಬಹುಮಾನವಾಗಿ ಮೂಲಂಗಿ, ಸೊಪ್ಪು ಇಂಥ ತರಕಾರಿಗಳನ್ನು ಕೊಟ್ಟರು! ಬೀದಿಯಲ್ಲಿ ಹೊತ್ತುಕೊಂಡು ಹೋಗಲು ಮಕ್ಕಳಿಗೆ ನಾಚಿಕೆ. ಆದರೆ ಅದು ಮನೆಯವರೆಲ್ಲರ ರಾತ್ರಿಯ ಊಟಕ್ಕೆ ಆಗುವಂಥದು, ಶೋಕೇಸಿನಲ್ಲಿ ಇಡುವಂಥದಲ್ಲ. ನನಗೆ ಆ ಮೇಷ್ಟ್ರ ಮೇಲೆ ಹೊಟ್ಟೆಕಿಚ್ಚು.

ಇಲ್ಲಿಗೇ ನಿಲ್ಲಿಸಿದ್ದರೆ ಈ ಪ್ರಬಂಧ ಸುಲಭವಾಗಿ ಮುಗಿಯುತ್ತಿತ್ತು. ಫಲ ಬಯಸದೆ ಮಾಡುವ ಕೆಲಸವೇ ಶ್ರೇಷ್ಠ ಎಂದು ಹೇಳಿ, ಗೀತೆಯನ್ನು ನೆನೆದು, ಕೈ ಮುಗಿಯಬಹುದಿತ್ತು. ನಮ್ಮ ವಾರ್ಷಿಕೋತ್ಸವಗಳಿಗೆ ಬರುವ ಅತಿಥಿಗಳು ಹಾರ ಹಾಕಿಸಿಕೊಂಡು, ಶಾಲು ಹೊದೆಸಿಕೊಂಡು ಈ ಮಾತನ್ನು ಬಹಳ ಚೆನ್ನಾಗಿ ಹೇಳುತ್ತಾರೆ.

ಆದರೆ ಅದೇ ಹತ್ತು ದಿನಗಳಲ್ಲಿ ಇನ್ನೊಂದು ನೋಟವೂ ಕಣ್ಣಿಗೆ ಬೀಳುತ್ತದೆ. ತರಗತಿ ಸ್ವಚ್ಛ ಮಾಡೋಣ ಎಂದು ಹೇಳಿ ನೋಡಿ. ಯಾರಿಗೆ ಯಾವ ಕೆಲಸ ಎಂದು ಹೇಳಬೇಡಿ. ಎರಡೇ ನಿಮಿಷದಲ್ಲಿ ಹುಡುಗಿಯರ ಕೈಯಲ್ಲಿ ಪೊರಕೆ ಇರುತ್ತದೆ, ಹುಡುಗರು ಬೆಂಚಿನ ಮೇಲೆ ಹತ್ತಿ ಪಟ ಇಳಿಸುತ್ತಿರುತ್ತಾರೆ. ಬೆಂಚಿನ ಮೇಲಿರುವವರದು ಸಾಹಸ, ಕೆಳಗೆ ಬಗ್ಗಿದವರದು ಸುಮ್ಮನೆ. ಹತ್ತು ವರ್ಷದ ಮಕ್ಕಳಿಗೆ ಇದನ್ನು ಯಾವ ಪಠ್ಯಪುಸ್ತಕ ಕಲಿಸಿತು? ಅಂಕವಿಲ್ಲದ ಕೆಲಸ ಯಾರದೆಂದು ಅವರಿಗೆ ಮೊದಲೇ ಗೊತ್ತಿದೆ.

ನಿಮಗೂ ಗೊತ್ತಿದೆ. 2019ರಲ್ಲಿ ನಮ್ಮ ದೇಶದಲ್ಲಿ ಮೊದಲ ಸಲ ರಾಷ್ಟ್ರಮಟ್ಟದ ಸಮಯ ಬಳಕೆಯ ಸಮೀಕ್ಷೆ ನಡೆಯಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾಳೆ, ಮಾಡುವ ಗಂಡಸು 97 ನಿಮಿಷ. 'ಮಾಡುವ ಗಂಡಸು' ಎನ್ನುವುದನ್ನು ಗಮನಿಸಿ. ನಾಲ್ವರಲ್ಲಿ ಸುಮಾರು ಒಬ್ಬರಷ್ಟೇ ಆ ಲೆಕ್ಕಕ್ಕೆ ಸಿಗುವುದು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತದೆ ಗಾದೆ. ಕೈ ಯಾರದು, ಬಾಯಿ ಯಾರದು ಎಂದು ಹೇಳುವುದಿಲ್ಲ.

ಆದ್ದರಿಂದ ನಮ್ಮ ತರಗತಿಯಲ್ಲಿ ಪೊರಕೆಗೆ ಸರದಿಯ ಪಟ್ಟಿ ಇದೆ. ಹಾಜರಿ ಪುಸ್ತಕದ ಕ್ರಮದಲ್ಲಿ ದಿನಕ್ಕೆ ನಾಲ್ವರು, ನನ್ನ ಹೆಸರೂ ಸೇರಿ. ಪಟ್ಟಿ ಗೋಡೆಗೆ ಬಿದ್ದ ವಾರವೇ ಒಬ್ಬ ಹುಡುಗನ ಅಜ್ಜಿ ಬಂದರು.

"ಏನ್ ಮೇಡಂ, ಗಂಡ್ ಹುಡ್ಗನ ಕೈಗೆ ಪೊರಕೆ ಕೊಟ್ಟಿದ್ದೀರಂತೆ?"

"ಹೌದಮ್ಮ, ನಿನ್ನೆ ಅವನ ಸರದಿ. ಇವತ್ತು ನಂದು."

"ಮನೇಲಿ ಉಂಡ್ ತಟ್ಟೆ ಎತ್ತಲ್ಲ ಅವ್ನು" ಎಂದರು. ದೂರೋ ಹೆಮ್ಮೆಯೋ, ಎರಡೂ ಬೆರೆತಿತ್ತು.

"ಇಲ್ಲಿ ದಿನಾ ಎತ್ತುತ್ತಾನೆ, ತೊಳೆದೂ ಇಡ್ತಾನೆ" ಎಂದೆ. ಬಿಸಿಯೂಟದ ತಟ್ಟೆಯನ್ನು ಉಂಡವರೇ ತೊಳೆಯಬೇಕೆಂಬುದು ನಮ್ಮಲ್ಲಿ ನಿಯಮ. ಅಜ್ಜಿ ಸ್ವಲ್ಪ ಹೊತ್ತು ನಲ್ಲಿಯ ಕಡೆ ನೋಡಿದರು. "ಹಾಗಾದ್ರೆ ಮನೇಲಿ ಯಾಕ್ ಎತ್ತಲ್ಲ?" ಎಂದು ತಮಗೇ ಹೇಳಿಕೊಂಡು ಹೋದರು. ಉತ್ತರ ಅವರಿಗೇ ಗೊತ್ತಿತ್ತು ಎಂದು ನನ್ನ ಅನುಮಾನ.

ಮಕ್ಕಳಿಂದ ಕೆಲಸ ಮಾಡಿಸುವುದೇ ತಪ್ಪು ಎನ್ನುವವರೂ ಇದ್ದಾರೆ. ಅವರ ಆತಂಕ ಸುಳ್ಳಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಓದಿದ ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅದೇ ನಾಡಿನಲ್ಲಿ ಗಾಂಧೀಜಿಯವರ ಬುನಾದಿ ಶಿಕ್ಷಣದ ಬಗ್ಗೆ ಬಿ.ಎಡ್.ನಲ್ಲಿ ನಾನು ಹತ್ತು ಅಂಕಕ್ಕೆ ಉತ್ತರ ಬರೆದಿದ್ದೇನೆ. 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಅವರು ಮುಂದಿಟ್ಟದ್ದು, ಕೈಕೆಲಸದ ಸುತ್ತಲೇ ಎಲ್ಲ ಪಾಠವೂ ಬೆಳೆಯಬೇಕೆಂಬ ಮಾತು. ಎರಡು ಕಡೆಯೂ ಮಕ್ಕಳ ಕೈಗೆ ಕೆಲಸವಿದೆ. ಒಂದು ಕಡೆ ಎಲ್ಲರ ಕೈಗೂ ಇದೆ, ಹಿರಿಯರ ಕೈಗೂ ಇದೆ. ಇನ್ನೊಂದು ಕಡೆ ಯಾರ ಮಕ್ಕಳು ಇಳಿಯಬೇಕೆಂಬುದು ಅವರು ಹುಟ್ಟುವ ಮೊದಲೇ ತೀರ್ಮಾನವಾಗಿದೆ. ಗುಂಡಿಯಂಥ ಕೆಲಸವನ್ನಂತೂ ಸರದಿಯ ಮೇಲೂ ಯಾವ ಮಗುವಿಗೂ, ಯಾವ ಮನುಷ್ಯನಿಗೂ ಕೊಡುವಂತಿಲ್ಲ. ಉಳಿದ ಕೆಲಸಕ್ಕೆ ನಾನು ಕೇಳಿಕೊಳ್ಳುವುದು ಇಷ್ಟೇ: ಇದನ್ನು ನಾನು ಮಾಡುತ್ತೇನೆಯೇ? ಸರದಿ ಎಲ್ಲರಿಗೂ ಬರುತ್ತದೆಯೇ?

'ಕಾಯಕ' ಎಂಬ ಮಾತನ್ನೂ ನಾವು ಹೀಗೇ ಅನುಕೂಲಕ್ಕೆ ತಕ್ಕಂತೆ ಬಳಸುತ್ತೇವೆ. ದುಡಿ, ಕೇಳಬೇಡ ಎನ್ನುವ ಅರ್ಥದಲ್ಲಿ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ಹಾಗೆ ಹೇಳುವುದಿಲ್ಲ. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ನಮ್ಮ ಪಾಲಿಗಿಂತ ಹೆಚ್ಚಿನದು ಬೇಡವೆಂದು ಅವಳು ಅವನನ್ನು ಹಿಂದಕ್ಕೆ ಕಳಿಸಿದಳು. ಹೆಚ್ಚಾದದ್ದನ್ನು ಹಿಂತಿರುಗಿಸಿದಳೆಂದು ಎಲ್ಲರೂ ಕೊಂಡಾಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು, ದುಡಿಮೆಗೆ ಸಲ್ಲಬೇಕಾದದ್ದು ಎಷ್ಟೆಂದು ಅವಳಿಗೆ ಖಚಿತವಾಗಿ ಗೊತ್ತಿತ್ತು ಎನ್ನುವುದು. ಅವಳು ಅಳತೆಯನ್ನು ಬಿಟ್ಟವಳಲ್ಲ.

ನಮ್ಮ ಶಾಲೆಯ ಅಡುಗೆಯಕ್ಕನಿಗೆ ಬರುವುದನ್ನು ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಅದೂ ವರ್ಷಕ್ಕೆ ಹತ್ತು ತಿಂಗಳ ಲೆಕ್ಕ. ಏಪ್ರಿಲ್ 10ರಂದು ಮಕ್ಕಳಿಗೆ ಫಲಿತಾಂಶ, ನನಗೆ ಸಂಬಳ ಸಹಿತ ರಜೆ, ಅವರಿಗೆ ಬರಿಯ ರಜೆ. ಎಷ್ಟೋ ಮಕ್ಕಳನ್ನು ಉಣ್ಣಿಸುವ ಕೆಲಸ ಪುಣ್ಯದ್ದಲ್ಲವೇ ಎಂದು ಅವರ ಮುಂದೆ ಹೇಳುವವರನ್ನು ನೋಡಿದ್ದೇನೆ. ಅಕ್ಕ ನಕ್ಕು, ಸಾರಿಗೆ ಉಪ್ಪು ಹಾಕುತ್ತಾರೆ.

ಹೋದ ವರ್ಷ ಆ ಹತ್ತು ದಿನಗಳಲ್ಲಿ ಮಕ್ಕಳಿಗೆ ಒಂದು ಬರವಣಿಗೆಯ ಕೆಲಸ ಕೊಟ್ಟೆ. ಈ ವರ್ಷ ನಮ್ಮ ಶಾಲೆಯಲ್ಲಿ ಯಾರು ಯಾರು ಏನೇನು ಮಾಡಿದರು, ಕೇಳಿಕೊಂಡು ಬಂದು ಬರೆಯಿರಿ ಎಂದು. ಮೊದಲ ದಿನ ಬಂದದ್ದೆಲ್ಲ ಗೊತ್ತಿದ್ದದ್ದೇ. ಹೆಡ್‌ಮಾಸ್ಟರು ಧ್ವಜ ಹಾರಿಸಿದರು, ಏಳನೆಯ ತರಗತಿಯವರು ಕಬಡ್ಡಿಯಲ್ಲಿ ಗೆದ್ದರು. ಎರಡನೆಯ ದಿನ ಅಡುಗೆ ಮನೆಗೆ ಹೋದ ಮೂವರು ಹುಡುಗರು ಒಂದು ಸುದ್ದಿ ತಂದರು. ಪ್ರತಿ ಬೇಸಿಗೆ ರಜೆಯಲ್ಲೂ ಕೈತೋಟಕ್ಕೆ ನೀರು ಹಾಕುತ್ತಿದ್ದದ್ದು ಅಡುಗೆಯಕ್ಕನಂತೆ, ಮನೆ ಪಕ್ಕದಲ್ಲೇ ಇದೆ ಎಂದು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. "ಮಿಸ್, ಅವ್ರಿಗೆ ರಜದಲ್ಲಿ ದುಡ್ಡು ಕೊಡಲ್ವಂತೆ" ಎಂದು ಒಬ್ಬ ಹೇಳಿದ. 'ಸುಮ್ನೇನಾ' ಎಂಬ ಪ್ರಶ್ನೆ ಈ ಸಲ ಇನ್ನೊಂದು ಅರ್ಥದಲ್ಲಿ ಬಂತು.

ಮಧ್ಯಾಹ್ನವೆಲ್ಲ ಕೂತು ಮಕ್ಕಳು ಒಂದು ಪಟ್ಟಿ ಮಾಡಿದರು. ಶಾಲೆಗೆ ಹತ್ತಿರ ಮನೆಯಿರುವ ಹನ್ನೆರಡು ಜನ, ಜೋಡಿ ಜೋಡಿಯಾಗಿ, ದಿನ ಬಿಟ್ಟು ದಿನ ನೀರು. ಏಪ್ರಿಲ್ 11ರಿಂದ ಶಾಲೆ ಮತ್ತೆ ತೆರೆಯುವವರೆಗಿನ ದಿನಗಳನ್ನು ಎಣಿಸಿ ಆರು ಜೋಡಿಗೆ ಹಂಚಿದಾಗ ಇಲ್ಲೂ ಶೇಷ ಬಂತು. ಆ ಉಳಿದ ಸರದಿಯನ್ನು ನನಗೆ ಕೊಟ್ಟರು. ಪಟ್ಟಿಯ ತುದಿಯಲ್ಲಿ ಒಬ್ಬಳು ಅಡುಗೆಯಕ್ಕನ ಹೆಸರನ್ನೂ ಬರೆದು, ಎದುರಿಗೆ ದೊಡ್ಡ ಅಕ್ಷರದಲ್ಲಿ 'ರಜೆ' ಎಂದು ಬರೆದಳು.

ಶಾಲೆ ತೆರೆದಾಗ ಹೋಗಿ ನೋಡಿದೆವು. ಕರಿಬೇವು, ದಾಸವಾಳ ಚೆನ್ನಾಗಿದ್ದವು, ಪಪ್ಪಾಯಿ ಒಣಗಿತ್ತು. ಎರಡು ಜೋಡಿ ಸರದಿ ತಪ್ಪಿಸಿದ್ದರು, ಅಜ್ಜಿಯ ಊರಿಗೆ ಹೋಗಿದ್ದರಂತೆ. ಒಂದೆರಡು ದಿನ ಅಕ್ಕನೇ ನೀರು ಹಾಕಿದ್ದರು ಎಂದು ತಿಳಿದು, ಪಟ್ಟಿ ಬರೆದವಳಿಗೆ ಅವರ ಮೇಲೆ ಬಹಳ ಕೋಪ ಬಂದಿತ್ತು.