ಬಾರದ ಆಲ್ಬಮ್ಮೂ ಸೋರುವ ಹೆಂಚೂ

ಹಾಸ್ಟೆಲ್ಲಿನಲ್ಲಿ ನಂಗೆ ಗನ್ಸ್ ಎನ್ ರೋಸಸ್ ಹುಚ್ಚು ಹಿಡಿಸಿದ್ದು ಒಬ್ಬ ಸೀನಿಯರ್. ರೇಡಿಯೋದ ಚಿತ್ರಗೀತೆ, ಊರಿನ ಭಜನೆ ಬಿಟ್ಟು ಬೇರೇನೂ ಕೇಳಿರದ ಕಿವಿಗೆ ಆ ಗಿಟಾರು ಸಿಡಿಲು ಬಡಿದ ಹಾಗಿತ್ತು. ‘ಹೊಸ ಆಲ್ಬಮ್ ಬರ್ತಿದೆ ಕಣೋ, ಚೈನೀಸ್ ಡೆಮಾಕ್ರಸಿ ಅಂತ. ಅದು ಬಂದ್ರೆ ಉಳಿದಿದ್ದೆಲ್ಲ ಮರ್ತುಬಿಡ್ತೀಯ’ ಅಂತಿದ್ದ. ಅವನು ಪಾಸಾಗಿ ಹೋದ, ನಾನೂ ಪಾಸಾದೆ, ಕೆಲಸವೂ ಸಿಕ್ತು. ಆಲ್ಬಮ್ ಮಾತ್ರ ಬರ್ಲಿಲ್ಲ.

ಕೊನೆಗೂ ಬಂದಿದ್ದು 2008ರ ನವೆಂಬರ್‌ನಲ್ಲಿ. 1991ರ ‘ಯೂಸ್ ಯುವರ್ ಇಲ್ಯೂಷನ್’ ಆದ ಮೇಲೆ ಅವರ ಸ್ವಂತ ಹಾಡುಗಳ ಆಲ್ಬಮ್ಮಿಗೆ ಜನ 17 ವರ್ಷ ಕಾದಿದ್ದರು. ಅಷ್ಟರಲ್ಲಿ ಸ್ಲ್ಯಾಶ್ ಬಿಟ್ಟು ಹೋಗಿದ್ದ, ಹಳಬರಲ್ಲಿ ಆಕ್ಸಲ್ ರೋಸ್ ಜೊತೆ ಉಳಿದಿದ್ದು ಕೀಬೋರ್ಡಿನ ಡಿಜ್ಜಿ ರೀಡ್ ಒಬ್ಬನೇ. 2008ರಲ್ಲೇ ಆಲ್ಬಮ್ ಬಂದ್ರೆ ಅಮೆರಿಕದವರಿಗೆಲ್ಲ ಒಂದೊಂದು ಕ್ಯಾನ್ ಪುಕ್ಕಟೆ ಅಂತ ಡಾಕ್ಟರ್ ಪೆಪ್ಪರ್ ಕಂಪನಿ ತಮಾಷೆಗೆ ಪಂಥ ಕಟ್ಟಿತ್ತು. ಕ್ಯಾಬಿನಲ್ಲಿ ಕೂತು ಪೂರ್ತಿ ಕೇಳಿದೆ. ‘ಇಷ್ಟೇನಾ?’ ಅನ್ನಿಸ್ತು.

ಆದ್ರೆ ಕೆಲವು ತಿಂಗಳ ಮೇಲೆ, ಒಂದು ರಾತ್ರಿ ರಿಲೀಸ್ ಕೆಲಸದಲ್ಲಿದ್ದಾಗ, ಶಫಲ್‌ನಲ್ಲಿ ಒಂದು ಹಾಡು ಬಂತು. ಚೆನ್ನಾಗಿದೆಯಲ್ಲ, ಯಾವುದಿದು ಅಂತ ನೋಡಿದ್ರೆ ಅದೇ ಆಲ್ಬಮ್ಮಿನ ‘ಬೆಟರ್’. ಹಾಗಾದ್ರೆ ಕ್ಯಾಬಿನಲ್ಲಿ ನಾನು ಕೇಳಿದ್ದೇನು? ಹಾಡನ್ನಲ್ಲ, ನನ್ನ ಕಾಯುವಿಕೆಯನ್ನ. ಅಷ್ಟು ವರ್ಷದ ಬಡ್ಡಿ ಸೇರಿಸಿ ಸಾಲ ವಸೂಲಿ ಮಾಡೋಕೆ ಹೋಗಿದ್ದೆ. ಯಾವ ಹಾಡು ತಾನೇ ಆ ಬಡ್ಡಿ ತೀರಿಸೀತು?

ಬೀಚ್ ಬಾಯ್ಸ್ ತಂಡದ ‘ಸ್ಮೈಲ್’ ಕಥೆ ಇನ್ನೂ ವಿಚಿತ್ರ. 1967ಕ್ಕೆ ಬರಬೇಕಿದ್ದ ಆಲ್ಬಮ್ಮಿಗೆ ಲಕ್ಷಗಟ್ಟಲೆ ಕವರ್ ಅಚ್ಚಾಗಿದ್ದವು, ಹಾಡುಗಳೇ ಮುಗಿಯಲಿಲ್ಲ. ಬ್ರಯಾನ್ ವಿಲ್ಸನ್ ಮನಸ್ಸು ಕುಸಿದಿತ್ತು, ಕೆಲಸ ಕೈಬಿಟ್ಟ. ಸುಮಾರು 37 ವರ್ಷ ಅದು ದಂತಕಥೆಯಾಗಿ ಬೆಳೆಯಿತು. 2004ರಲ್ಲಿ ಅವನೇ ಹೊಸ ತಂಡ ಕಟ್ಟಿಕೊಂಡು ಲಂಡನ್ನಿನ ವೇದಿಕೆಯಲ್ಲಿ ಅದನ್ನು ಪೂರ್ತಿ ನುಡಿಸಿದ, ಅದೇ ವರ್ಷ ಆಲ್ಬಮ್ಮೂ ಬಂತು. 2011ರಲ್ಲಿ ಮೂಲ ಧ್ವನಿಮುದ್ರಣಗಳೂ ಹೊರಬಂದವು. ಜನ ಮೆಚ್ಚಿದರು, ನಾನೂ ಮೆಚ್ಚಿದೆ. ಆದರೂ 1967ರಲ್ಲಿ ಅದು ಬಂದಿದ್ರೆ ಏನಾಗ್ತಿತ್ತು ಅನ್ನೋದು ಯಾರಿಗೂ ಸಿಗಲಿಲ್ಲ. ಹಾಡು ಬಂತು, ಅದರ ಕಾಲ ಬರಲಿಲ್ಲ.

ಹಾಗಾಗಿ ‘ಹೈಪ್‌ಗೆ ತಕ್ಕಂತಿದೆಯಾ’ ಅಂತ ಕೇಳೋದೇ ಅನ್ಯಾಯ ಅನ್ನಿಸುತ್ತೆ. ಹೈಪ್ ಕಟ್ಟಿದ್ದರಲ್ಲಿ ನಮ್ಮ ಪಾಲೂ ಇದೆ. ಬಾರದ ಆಲ್ಬಮ್ಮಿನಲ್ಲಿ ಒಂದೂ ಅಪಸ್ವರ ಇರಲ್ಲ. ಬ್ರಯಾನ್ ನನಗೇನೂ ಬಾಕಿ ಇರಲಿಲ್ಲ. ಹುಷಾರಿಲ್ಲದವನ ಹತ್ರ ಮಾಸ್ಟರ್‌ಪೀಸ್ ಕೇಳೋಕೆ ನಾನ್ಯಾರು?

ಇಷ್ಟು ಬರೆದು ಹಾಯಾಗಿರಬಹುದಿತ್ತು. ಆದರೆ ನನ್ನದೂ ಒಂದು ರಿಲೀಸಾಗದ ಆಲ್ಬಮ್ ಇದೆ. ಕೆಲಸ ಸಿಕ್ಕಾಗ ಅಪ್ಪನಿಗೆ ಹೇಳಿದ್ದೆ, ‘ಎರಡು ವರ್ಷ ತಡ್ಕೊ, ಹೊಸ ಮನೆ ಕಟ್ಟಿಸ್ತೀನಿ’ ಅಂತ. ಪ್ರತಿ ಯುಗಾದಿಗೂ ಲ್ಯಾಪ್‌ಟಾಪಲ್ಲಿ ಪ್ಲಾನ್ ದೊಡ್ಡದಾಗ್ತಾ ಹೋಯ್ತು: ಮಹಡಿ, ಸೋಲಾರು, ಅಪ್ಪನ ರೂಮಿಗೇ ಒಂದು ಬಾತ್‌ರೂಮು. ಮಳೆಗಾಲದಲ್ಲಿ ಮಾತ್ರ ನಡುಮನೆಯಲ್ಲಿ ಅದೇ ಪಾತ್ರೆ ಇಟ್ಟು ಸೋರೋ ನೀರು ಹಿಡೀತಿದ್ರು. ‘ಮನೆ ಆಮೇಲೆ ಕಟ್ಟೋವಂತೆ, ಮೊದ್ಲು ನಾಲ್ಕು ಹೆಂಚು ಬದಲಾಯ್ಸು’ ಅಂತ ಅಪ್ಪ ಒಂದ್ಸಲ ಅಂದಿದ್ದ. ಹೇಗೂ ಕೆಡವೋ ಮನೆ, ಅದಕ್ಯಾಕೆ ದುಡ್ಡು ಅಂತ ಸುಮ್ಮನಿದ್ದೆ.

ಅಭಿಮಾನಿಯ ಕಾಯುವಿಕೆ ಬೇರೆ, ಅಪ್ಪನ ಕಾಯುವಿಕೆ ಬೇರೆ. ಒಂದು ನಾನಾಗೇ ತಂದುಕೊಂಡಿದ್ದು, ಇನ್ನೊಂದು ನಾನು ಮಾತು ಕೊಟ್ಟು ಕಾಯಿಸಿದ್ದು. ಆಕ್ಸಲ್ ರೋಸ್‌ಗೆ ಕೊಡೋ ಮಾಫಿಯನ್ನ ನನಗೆ ನಾನೇ ಕೊಟ್ಟುಕೊಳ್ಳೋ ಹಾಗಿಲ್ಲ.

ಹೋದ ತಿಂಗಳು ರಜೆ ಹಾಕಿ ಹೋಗಿ ನಲವತ್ತು ಹೆಂಚು ಬದಲಾಯಿಸಿ ಬಂದೆ. ಮೊನ್ನೆ ಫೋನಲ್ಲಿ ಅಪ್ಪ, ‘ಮಳೆ ಜೋರಿತ್ತು, ನಡುಮನೆ ಸೋರ್ಲಿಲ್ಲ’ ಅಂದ. ಒಂದು ಕ್ಷಣ ಬಿಟ್ಟು, ‘ಬಚ್ಚಲುಮನೇಲಿ ಇನ್ನೊಂದು ಕಡೆ ಐತೆ’ ಅಂತಲೂ ಸೇರಿಸಿದ.